ಮೂಡುಗುಂಟ, ಮೂರು ಗುಂಟೆ

ನೇರಡುಪಲ್ಲಿ, ಶ್ರೀನಿವಾಸಪುರ ತಾಲ್ಲೂಕು
14 ಸೆಪ್ಟೆಂಬರ್ 2025

ದಿಲ್ಷಾದ್,

ಹನ್ನೊಂದು ಸಲ ಫೋನು ಮಾಡಿದೆ. ಹನ್ನೆರಡನೇ ಸಲ ನಿನ್ನ ಮಗಳು ಸಿದ್ರಾ ತೆಗೆದು, ‘ಆಂಟಿ, ಅಮ್ಮಿ ನಿಮ್ಮತ್ರ ಮಾತಾಡಲ್ವಂತೆ’ ಅಂದು ಇಟ್ಟುಬಿಟ್ಟಳು. ಆಮೇಲೆ ನನ್ನ ನಂಬರೇ ಬ್ಲಾಕ್. ಸರಿ, ಕಾಗದವನ್ನು ಹೇಗೆ ಬ್ಲಾಕ್ ಮಾಡುತ್ತೀಯೋ ನೋಡೋಣ ಅಂತ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಮಾಲೂರಿನ ಪೋಸ್ಟ್‌ಮ್ಯಾನು ನಿನ್ನ ಸಹಿ ಹಾಕಿಸಿಕೊಂಡೇ ಕೊಡುತ್ತಾನೆ. ಪಟ್ಟಣ ಪಂಚಾಯಿತಿ ಸದಸ್ಯೆಯಾಗಿ ಒಂದು ವರ್ಷದಲ್ಲಿ ನಾನು ಕಲಿತ ವಿದ್ಯೆ ಇದೊಂದೇ. ಇಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ, ಎಲ್ಲದಕ್ಕೂ ಸಹಿ ಬೇಕು.

ನಿಮ್ಮಣ್ಣ ಜಾನ್ ಭಾಯಿ ಕೈಗೆ ಬಂದ ನೋಟಿಸನ್ನು ನಾನೂ ಓದಿದೆ. ‘ಏಳನೇ ವಾರ್ಡಿನ ಸದಸ್ಯರಾದ ಶ್ರೀಮತಿ ಭಾರತಮ್ಮನವರ ಸೂಚನೆಯಂತೆ, ಮೂರು ಗುಂಟೆ ಜಾಗವನ್ನು ವಾಣಿಜ್ಯ ಮಳಿಗೆಗಳಿಗೆ ಬಿಟ್ಟುಕೊಡಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿದೆ. ಸದರಿ ಜಾಗದಲ್ಲಿನ ಒತ್ತುವರಿಯನ್ನು ತೆರವುಗೊಳಿಸತಕ್ಕದ್ದು.’ ಒತ್ತುವರಿಯಂತೆ. ನಿಮ್ಮಪ್ಪ ಕಟ್ಟಿದ ಮನೆ ಒತ್ತುವರಿ. ನಿಮ್ಮಣ್ಣ ಹತ್ತಿ ಬಿಡಿಸಿ ಹಾಸಿಗೆ ಹೊಲಿಯುವ ಶೆಡ್ಡು ಒತ್ತುವರಿ. ಓದುತ್ತಾ ಓದುತ್ತಾ ನನ್ನ ಮೈ ಉರಿದುಹೋಯಿತು.

ನಾನು ಹೇಳಿದ್ದು ಅದಲ್ಲ ಕಣೇ. ನಮ್ಮ ಸಭೆಯಲ್ಲಿ ಮಾತೆಲ್ಲ ತೆಲುಗಿನಲ್ಲಿ, ಪುಸ್ತಕ ಕನ್ನಡದಲ್ಲಿ. ಜುಲೈ ಹತ್ತನೇ ತಾರೀಖು ಅಧ್ಯಕ್ಷ ಕೋದಂಡರಾಮಪ್ಪ, ಮಳಿಗೆ ಕಟ್ಟಲು ಮೂಡುಗುಂಟವೇ ಒಳ್ಳೆಯ ಜಾಗ, ರಸ್ತೆಗೆ ಹತ್ತಿರ ಅಂತ ಶುರು ಮಾಡಿದ. ನಾನು ಥಟ್ಟನೆ ಎದ್ದು, ‘ಮೂಡುಗುಂಟನಿ ವಿಡಿಚಿಪೆಟ್ಟಂಡಿ’ ಅಂದೆ. ಅದರ ತಂಟೆಗೆ ಹೋಗಬೇಡಿ, ಅದರ ಪಾಡಿಗೆ ಬಿಟ್ಟುಬಿಡಿ ಅಂತ ತಾನೆ ಅರ್ಥ? ನಿನಗೂ ನನಗೂ ಮೂಡುಗುಂಟ ಅಂದರೆ ಒಂದು ಹೆಸರು. ಯಾವ ಕಾಲದಲ್ಲೋ ಅಲ್ಲಿ ಮೂರು ನೀರಿನ ಗುಂಡಿಗಳಿದ್ದವಂತೆ, ಈಗ ಉಳಿದಿರುವುದು ಒಂದು ಕುಂಟೆ, ಅದರ ದಡದಲ್ಲಿ ನಿಮ್ಮವರ ಹನ್ನೊಂದು ಮನೆ. ಪುಸ್ತಕಕ್ಕೆ ಇಳಿಯುವಾಗ ಆ ಹೆಸರು ಅಳತೆಯಾಗಿಬಿಟ್ಟಿದೆ. ಮೂಡುಗುಂಟ ಹೋಗಿ ಮೂರು ಗುಂಟೆ. ಬಿಟ್ಟುಬಿಡಿ ಹೋಗಿ ಬಿಟ್ಟುಕೊಡಿ. ಎಲ್ಲಿಂದ ಅಳೆಯಬೇಕು ಅಂತ ಪುಸ್ತಕದಲ್ಲಿ ಇಲ್ಲವಲ್ಲ, ಕೋದಂಡರಾಮಪ್ಪ ರಸ್ತೆ ಕಡೆಯಿಂದ ಟೇಪು ಹಿಡಿಸಿದ. ಮೂರು ಗುಂಟೆ ಸರಿಯಾಗಿ ನಿಮ್ಮಣ್ಣನ ಹಿತ್ತಲ ಗೋಡೆಗೆ ಮುಗಿಯಿತು, ಮನೆ ಶೆಡ್ಡು ಎರಡೂ ಅದರೊಳಗೆ.

ಬೇಡ ಅಂತ ಎದ್ದು ನಿಂತವಳು ನಾನು, ಪುಸ್ತಕದಲ್ಲಿ ಸೂಚಕಿಯೂ ನಾನೇ. ಅನುಮೋದಿಸಿದವನು ಮೂರನೇ ವಾರ್ಡಿನ ವೆಂಕಟ್ ಅಂತೆ. ಆ ಹೊತ್ತಿನಲ್ಲಿ ಅವನು ಹೊರಗೆ ನಿಂತು ಟೀ ಕುಡಿಯುತ್ತಿದ್ದ. ಯಾರನ್ನು ಹಿಡಿದು ಬಡಿಯಲಿ ಹೇಳು.

ಐದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು. ನಿಮ್ಮ ಮನೆಯ ಮೇಲೆ ನಾನು ಕೈ ಮಾಡುತ್ತೇನೆ ಅಂತ ನೀನು ಹೇಗಮ್ಮ ನಂಬಿದೆ? ಉತ್ತರ ಬರಿ. ಬೈದಾದರೂ ಬರಿ.

ನಿನ್ನ,
ಭಾರತಿ


ಮಾಲೂರು
22 ಸೆಪ್ಟೆಂಬರ್ 2025

ಶ್ರೀಮತಿ ಭಾರತಮ್ಮನವರಿಗೆ,
ಸದಸ್ಯರು, ಏಳನೇ ವಾರ್ಡ್, ನೇರಡುಪಲ್ಲಿ.

ನಿಮ್ಮ ಪತ್ರ ತಲುಪಿತು. ‘ನೀವು’ ಎಂದು ಬರೆಯುತ್ತಿರುವುದು ಕೈತಪ್ಪಿನಿಂದಲ್ಲ.

ಮೂವತ್ತೆರಡು ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವಳು ನಾನು. ಮನೆಯಲ್ಲಿ ತೆಲುಗು ಆಡುವ ಮಕ್ಕಳು, ನಮ್ಮ ಹಾಗೆ ದಖನಿ ಆಡುವ ಮಕ್ಕಳು, ಎಂತೆಂಥ ತಪ್ಪು ಬರೆಯುತ್ತಾರೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಒಂದು ಪದ ಇನ್ನೊಂದಾಗುವುದನ್ನು ದಿನಾ ನೋಡಿದ್ದೇನೆ, ಕೆಂಪು ಪೆನ್ನಿನಲ್ಲಿ ತಿದ್ದಿದ್ದೇನೆ. ಆ ಮಕ್ಕಳ ತಪ್ಪಿಗೆ ಯಾರ ಮನೆಯ ಮುಂದೆಯೂ ಜೆಸಿಬಿ ಬಂದು ನಿಲ್ಲಲಿಲ್ಲ.

ಚುನಾವಣೆಯಲ್ಲಿ ನೀವು ಗೆದ್ದದ್ದು ಒಂಬತ್ತು ಓಟಿನಿಂದ. ಮೂಡುಗುಂಟದ ಹನ್ನೊಂದು ಮನೆಯಲ್ಲಿ ಮೂವತ್ತನಾಲ್ಕು ಓಟು. ಅಣ್ಣ ಹದಿನೈದು ದಿನ ಸೈಕಲ್ಲಿಗೆ ನಿಮ್ಮ ಚಿಹ್ನೆ ಕಟ್ಟಿಕೊಂಡು ತಿರುಗಿದ. ಭಾರತಮ್ಮ ನಮ್ಮ ಮನೆಯ ಹೆಣ್ಣುಮಗಳು ಎಂದು ಹೋದಲ್ಲೆಲ್ಲ ಹೇಳಿದ. ಈಗ ಮದುವೆ ಸೀಸನ್ನಿಗೆ ಬಂದ ಹಾಸಿಗೆಯ ಆರ್ಡರುಗಳನ್ನು ವಾಪಸು ಕಳಿಸುತ್ತಿದ್ದಾನೆ. ಹೊಲಿಯುವ ಜಾಗ ಮುಂದಿನ ತಿಂಗಳು ಇರುತ್ತದೋ ಇಲ್ಲವೋ, ಮಾತು ಕೊಟ್ಟು ತಪ್ಪುವುದು ಹೇಗೆ ಎನ್ನುತ್ತಾನೆ. ಅವನಿಗೆ ಅರವತ್ತಾರು ವರ್ಷ. ಫೋನಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಮಾತು. ‘ಭಾರತಮ್ಮ ಯಾಕೆ ಹಂಗೆ ಬರೆಸಿದ್ಲು?’

ನಾನು ಕೇಳುವುದೂ ಒಂದೇ ಮಾತು. ಶಾಲೆಯಲ್ಲಿ ಸಭೆಗಳನ್ನು ನಡೆಸಿ ನನಗೂ ಗೊತ್ತಿದೆ. ಹಿಂದಿನ ಸಭೆಯ ನಡವಳಿಯನ್ನು ಮುಂದಿನ ಸಭೆಯಲ್ಲಿ ಓದಿ, ಎಲ್ಲರೂ ಹೌದೆಂದ ಮೇಲೆ ಅದು ಗಟ್ಟಿಯಾಗುವುದು. ಆಗಸ್ಟ್ ಎಂಟರಂದು ಅದನ್ನು ಓದಿದ್ದಾರೆ, ಹಾಜರಿಯಲ್ಲಿ ನಿಮ್ಮ ಸಹಿ ಇದೆ. ಓದಿದ್ದು ನಿಮಗೆ ಕೇಳಿಸಿತೇ, ಇಲ್ಲವೇ?

ಇತಿ,
ದಿಲ್ಷಾದ್


ನೇರಡುಪಲ್ಲಿ
6 ಅಕ್ಟೋಬರ್ 2025

ದಿಲ್ಷಾದ್,

ನೀವಂತೆ, ನೀವು. ನನ್ನ ಹಿಟ್ಟಿನ ಮಿಷಿನ್ನಿಗೆ ಬರುವ ಅಂಜಮ್ಮ ನನಗಿಂತ ಹದಿನೈದು ವರ್ಷ ಚಿಕ್ಕವಳು, ಅವಳು ಕೂಡ ನನ್ನನ್ನು ನೀವು ಅನ್ನುವುದಿಲ್ಲ. ಬೈಯಬೇಕಾದರೆ ಬೈಯಿ, ಮರ್ಯಾದೆ ಕೊಟ್ಟು ಹೊಡೆಯಬೇಡ.

ನಿನ್ನ ಕಾಗದ ಓದಿದ ದಿನವೇ ಪಂಚಾಯಿತಿ ಆಫೀಸಿಗೆ ಹೋಗಿ ನಡವಳಿ ಬರೆಯುವ ಶ್ಯಾಮಲಮ್ಮನನ್ನು ಹಿಡಿದೆ. ನಂಜನಗೂಡಿನ ಕಡೆಯವಳು, ವರ್ಗವಾಗಿ ಬಂದು ಒಂದೂವರೆ ವರ್ಷವಾಗಿದೆ, ರಿಟೈರಾಗಲು ಇನ್ನೆರಡು ವರ್ಷವಿದೆ. ಬಾಯಿಗೆ ಬಂದಂತೆ ಅಂದುಬಿಟ್ಟೆ. ಆ ಹೆಂಗಸು ಪುಸ್ತಕ ತೆರೆದಿಟ್ಟು, ‘ನಂಗೆ ತೆಲುಗು ಬರಲ್ಲ ಕಣಮ್ಮ. ಟೊಮೇಟೊ ತಗೊಳ್ಳೋಕ್ ಹೋಗಿ ಒಕಟಿ ರೆಂಡು ಮೂಡು ಅಂತ ಎಣಿಸೋದ್ ಕಲ್ತಿದ್ದೆ. ಮೂಡು ಅಂದ್ರೆ ಮೂರು, ಗುಂಟ ಅಂದ್ರೆ ಗುಂಟೆ. ನೀವು ಎದ್ದು ನಿಂತು ಕೈ ಬೀಸಿ ಹೇಳಿದ್ರಿ, ಖುಷಿಯಾಗಿ ಬಿಟ್ಕೊಡ್ತಾ ಇದೀರಿ ಅನ್ಕೊಂಡೆ’ ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ವರ್ಷದಿಂದ ಅವಳು ನಮ್ಮ ಮಾತನ್ನೆಲ್ಲ ಹೀಗೆ ಊಹೆಯ ಮೇಲೆ ಬರೆಯುತ್ತಿದ್ದಾಳೆ, ನಾವು ಹದಿನೈದು ಜನ ಓದದೆ ಸಹಿ ಹಾಕುತ್ತಿದ್ದೇವೆ. ಇಲ್ಲಿಯವರೆಗೆ ಎಂತೆಂಥದಕ್ಕೆ ಹಾಕಿದ್ದೇವೋ ದೇವರಿಗೇ ಗೊತ್ತು.

ಅವಳದು ತಪ್ಪು, ಮೋಸ ಅಲ್ಲ. ಮೋಸ ಶುರುವಾದದ್ದು ಕೋದಂಡರಾಮಪ್ಪನ ಕಣ್ಣಿಗೆ ಆ ಸಾಲು ಬಿದ್ದ ಮೇಲೆ. ಅವನಿಗೆ ಮೂಡುಗುಂಟ ಯಾವುದು, ಮೂರು ಗುಂಟೆ ಯಾವುದು ಅಂತ ಗೊತ್ತಿಲ್ಲವೇ? ಆ ಕುಂಟೆಯಲ್ಲೇ ಈಜು ಕಲಿತವನು. ತಿದ್ದಿಸಿ ಅಂತ ಹೋಗಿ ಕೇಳಿದೆ. ಕಾಲ ಮೇಲೆ ಕಾಲು ಹಾಕಿಕೊಂಡು, ‘ಬರೆದದ್ದು ಬರೆದಾಯ್ತಮ್ಮ. ನಿಮ್ಮ ಹೆಸರು ಪುಸ್ತಕದಲ್ಲಿ ದೊಡ್ಡದಾಗಿ ಬಂದಿದೆ, ಸಂತೋಷ ಪಡಿ’ ಅಂದ. ಮೇಜಿನ ಮೇಲಿದ್ದ ಟೀ ಲೋಟವನ್ನು ಅವನ ಮುಖಕ್ಕೆ ಎರಚಬೇಕು ಅನ್ನಿಸಿತು. ಎರಚಲಿಲ್ಲ. ಅದಕ್ಕೂ ಈಗ ನನಗೆ ನನ್ನ ಮೇಲೇ ಸಿಟ್ಟಿದೆ.

ಗೆದ್ದು ವರ್ಷವಾಯಿತು. ಹೋದ ವಾರ ಒಂದು ಹಾರ ತಂದು ಹಾಕಿ ಫೋಟೋ ಹಿಡಿದರು. ವರ್ಷದಲ್ಲಿ ನಾನು ಏನು ಮಾಡಿದೆ ಗೊತ್ತಾ? ಮೊದಲ ಸಭೆಗೆ ಹೋದಾಗ ನನ್ನ ಕುರ್ಚಿಯಲ್ಲಿ ನನ್ನ ಗಂಡ ಕೂತಿದ್ದ. ಎಲ್ಲ ಹೆಣ್ಣು ಸದಸ್ಯರ ಗಂಡಂದಿರೂ ಕೂರುತ್ತಾರೆ, ನೀನು ಮನೆಗೆ ಹೋಗು ಅಂದ. ಎಬ್ಬಿಸಿದೆ. ಆಮೇಲೆ ಮನೆಯಲ್ಲಿ ಎರಡು ತಿಂಗಳು ಮಾತಿಲ್ಲ. ಒಂದು ಬೀದಿದೀಪಕ್ಕೆ ಏಳು ಅರ್ಜಿ ಕೊಟ್ಟೆ, ಎಂಟನೆಯದಕ್ಕೆ ಬಂತು, ಹತ್ತು ದಿನ ಉರಿದು ಕೆಟ್ಟಿತು. ಚರಂಡಿ ಹೂಳು ತೆಗೆಸಿದೆ, ತೆಗೆದ ಹೂಳನ್ನು ಒಯ್ಯಲು ಟ್ರಾಕ್ಟರ್ ಬರಲಿಲ್ಲ, ಮಳೆ ಬಂದು ಎಲ್ಲ ಮತ್ತೆ ಚರಂಡಿಗೇ ಇಳಿಯಿತು. ಇಂಜಿನಿಯರು ಶ್ರೀನಿವಾಸಪುರದಲ್ಲಿ ಇದ್ದಾರೆ ಅಂದರೆ ಕೋಲಾರದಲ್ಲಿ ಇರುತ್ತಾರೆ, ಕೋಲಾರಕ್ಕೆ ಹೋದರೆ ಮುಳಬಾಗಿಲಿಗೆ ಹೋದರು ಅನ್ನುತ್ತಾರೆ. ನಮ್ಮ ಬೀದಿಯ ಹೆಂಗಸರು ಬೆಳಗ್ಗೆ ಆರಕ್ಕೇ ಬಂದು ನೀರಿಲ್ಲ ಅಂತ ನನ್ನ ಮೇಲೆ ಕೂಗಾಡುತ್ತಾರೆ. ಅವರ ಕೂಗು ನ್ಯಾಯವೇ. ನಾನು ಯಾರ ಮೇಲೆ ಕೂಗಲಿ?

ಜಾನ್ ಭಾಯಿಗೆ ಹೇಳು, ಆರ್ಡರು ವಾಪಸು ಕಳಿಸಬೇಡ ಅಂತ. ನಾನಿರುವವರೆಗೆ ಆ ಮನೆಯ ಒಂದು ಇಟ್ಟಿಗೆ ಅಲ್ಲಾಡಲು ಬಿಡುವುದಿಲ್ಲ.

ಭಾರತಿ


ಮಾಲೂರು
15 ಅಕ್ಟೋಬರ್ 2025

ಭಾರತಿ,

ಈ ಸಲ ನೀನು ಎಂದೇ ಬರೆಯುತ್ತೇನೆ. ನೀವು ಎಂದರೆ ಸಿಟ್ಟು ಪೂರ್ತಿ ಬರುವುದಿಲ್ಲ.

ಎರಡು ಹಾಳೆ ಬರೆದಿದ್ದೀಯ. ಬೀದಿದೀಪ ಬರೆದಿದ್ದೀಯ, ಚರಂಡಿ ಬರೆದಿದ್ದೀಯ, ಗಂಡನ ಕುರ್ಚಿ ಬರೆದಿದ್ದೀಯ. ನಾನು ಕೇಳಿದ್ದರ ಬಗ್ಗೆ ಒಂದು ಸಾಲು ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ಉತ್ತರ ಬರದ ಪ್ರಶ್ನೆಯನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಉದ್ದುದ್ದ ಬರೆದು ಹಾಳೆ ತುಂಬಿಸುವ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಉತ್ತರ ಗೊತ್ತಿರುವುದಿಲ್ಲ. ನಿನಗೆ ಗೊತ್ತಿದೆ.

ಅಣ್ಣ ಕೋಲಾರಕ್ಕೆ ಹೋಗಿ ಆ ತೀರ್ಮಾನದ ಮೇಲೆ ಮೇಲ್ಮನವಿ ಹಾಕಿ ಬಂದ. ಗೌನಿಪಲ್ಲಿ ಬಸ್ಸು ಹಿಡಿದು, ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸಿ, ಆಫೀಸಿನ ಮುಂದೆ ಮಧ್ಯಾಹ್ನದವರೆಗೆ ನಿಂತನಂತೆ. ವಿಚಾರಣೆ ಮುಗಿಯುವವರೆಗೆ ಯಾರೂ ಮುಟ್ಟಬಾರದು ಎಂದು ಒಂದು ಕಾಗದ ಸಿಕ್ಕಿದೆ. ಲಾಯರು ಹೇಳುವುದು ಇಷ್ಟು. ಅಣ್ಣನ ಹತ್ತಿರ ಕಂದಾಯದ ರಸೀದಿಗಳಿವೆ, ಹಕ್ಕುಪತ್ರ ಇಲ್ಲ. ಆ ತೀರ್ಮಾನವೇ ಸುಳ್ಳು ಎಂದು ತೋರಿಸಿದರೆ ಮಾತ್ರ ಮನೆ ಉಳಿಯುತ್ತದೆ. ಅದನ್ನು ಹೇಳಬೇಕಾದವಳು ಸೂಚಕಿ. ಸೂಚಕಿ ಹೇಳಿದ ಕೂಡಲೇ ಎದುರು ಲಾಯರು ಕೇಳುವ ಮೊದಲ ಪ್ರಶ್ನೆ, ನಾನು ನಿನ್ನನ್ನು ಕೇಳಿದ ಪ್ರಶ್ನೆಯೇ.

ಇಟ್ಟಿಗೆ ಅಲ್ಲಾಡಲು ಬಿಡುವುದಿಲ್ಲ ಎಂದು ವೇದಿಕೆಯ ಮೇಲೆ ಹೇಳುವ ಮಾತನ್ನು ನನಗೆ ಬರೆಯಬೇಡ. ಕೇಳಿಸಿತೇ, ಇಲ್ಲವೇ? ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು, ಕಾರ್ಡಿನಲ್ಲಾದರೂ ಸರಿ.

ದಿಲ್ಷಾದ್


ನೇರಡುಪಲ್ಲಿ
2 ನವೆಂಬರ್ 2025

ದಿಲ್ಷಾದ್,

ಹೌದು. ಕೇಳಿಸಿತು.

ಇಷ್ಟು ಬರೆಯಲು ಹದಿನೈದು ದಿನ ಬೇಕಾಯಿತು. ಮೂರು ಸಲ ಬರೆದು ಒಲೆಗೆ ಹಾಕಿದೆ. ಒಂದರಲ್ಲಿ ಫ್ಯಾನಿನ ಸದ್ದು ಅಂತ ಬರೆದೆ, ಇನ್ನೊಂದರಲ್ಲಿ ಶ್ಯಾಮಲಮ್ಮ ಗಡಗಡ ಓದಿಬಿಟ್ಟಳು ಅಂತ ಬರೆದೆ. ಅವಳು ಗಡಗಡ ಓದಿದ್ದು ನಿಜ. ಆದರೂ ನನಗೆ ಕೇಳಿಸಿತು. ‘ಮೂರು ಗುಂಟೆ ಜಾಗವನ್ನು ಬಿಟ್ಟುಕೊಡಲು ಶ್ರೀಮತಿ ಭಾರತಮ್ಮನವರು ಸೂಚಿಸಿ’ ಅನ್ನುವುದು ಒಂದೊಂದು ಅಕ್ಷರವೂ ಕೇಳಿಸಿತು. ತಲೆ ಎತ್ತಿದೆ. ಕೋದಂಡರಾಮಪ್ಪ ನನ್ನನ್ನೇ ನೋಡುತ್ತಿದ್ದ.

ಆ ದಿನದ ಪಟ್ಟಿಯಲ್ಲಿ ಒಂಬತ್ತನೆಯ ವಿಷಯ ನಮ್ಮ ವಾರ್ಡಿನ ಬೋರ್‌ವೆಲ್. ನೂರಾಹತ್ತು ಮನೆಗೆ ವಾರಕ್ಕೊಂದು ಸಲ ನೀರು, ನಾನು ಗೆದ್ದದ್ದೇ ಬೋರು ಹಾಕಿಸುತ್ತೇನೆ ಅಂತ ಹೇಳಿ. ಅವನು ನನ್ನನ್ನು ನೋಡುತ್ತಾ ಪಟ್ಟಿಯ ಮೇಲೆ ಪೆನ್ನಿನಿಂದ ಎರಡು ಸಲ ತಟ್ಟಿದ. ನನಗೆ ಅರ್ಥವಾಯಿತು. ಈಗ ಸುಮ್ಮನಿರೋಣ, ಬೋರು ಮಂಜೂರಾಗಲಿ, ಮೂಡುಗುಂಟದ್ದನ್ನು ಆಮೇಲೆ ತಿದ್ದಿಸಿದರಾಯಿತು ಅಂದುಕೊಂಡೆ. ‘ಎಲ್ಲರಿಗೂ ಒಪ್ಪಿಗೆ ತಾನೆ’ ಅಂತ ಅವನು ಕೇಳಿದಾಗ ಎಲ್ಲರ ಜೊತೆ ನಾನೂ ಸರಿ ಅಂದೆ. ಬಾಯಿಬಿಟ್ಟೇ ಅಂದೆ.

ನಿಮ್ಮ ಮನೆ ಹೋಗಲಿ ಅಂತ ನಾನು ಅಂದುಕೊಳ್ಳಲಿಲ್ಲ. ನಿಮ್ಮ ಮನೆಯ ಮಾತು ಆ ಗಳಿಗೆಯಲ್ಲಿ ನನ್ನ ತಲೆಗೇ ಬರಲಿಲ್ಲ, ಅದು ಇನ್ನೂ ದೊಡ್ಡ ನಾಚಿಕೆಗೇಡು. ಬೋರಿನ ಲೆಕ್ಕ ಮಾತ್ರ ಓಡುತ್ತಿತ್ತು. ಗಂಡನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತವಳು ಅಂತ ಇಡೀ ಊರಲ್ಲಿ ಎದೆಯುಬ್ಬಿಸಿಕೊಂಡು ತಿರುಗಿದೆನಲ್ಲ, ಆ ಕುರ್ಚಿಯಲ್ಲಿ ಕೂತು ಮಾಡಿದ ಘನಕಾರ್ಯ ಇದು. ನನ್ನ ಗಂಡ ಕೂತಿದ್ದರೂ ಇದನ್ನೇ ಮಾಡುತ್ತಿದ್ದ. ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವ ಹಾಗಾಗುತ್ತೆ.

ಈ ಕಾಗದವನ್ನು ಲಾಯರಿಗೆ ಕೊಡು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೇನೆ. ಏನು ಬೇಕಾದರೂ ಆಗಲಿ.

ಎಂ. ಭಾರತಮ್ಮ
ಏಳನೇ ವಾರ್ಡ್


ಮಾಲೂರು
10 ನವೆಂಬರ್ 2025

ಭಾರತಿ,

ನಿನ್ನ ಕಾಗದ ಬಂದು ಐದು ದಿನವಾಯಿತು. ಮೊದಲ ಎರಡು ದಿನ ಏನೂ ಬರೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಿದ್ರಾ ನನ್ನನ್ನು ನೋಡಿ ಹೆದರಿದಳು.

ಗೊತ್ತಿಲ್ಲದೆ ಆದ ತಪ್ಪು ಎಂದೇ ಮನಸ್ಸಿನ ಒಂದು ಮೂಲೆಯಲ್ಲಿ ಅಂದುಕೊಂಡಿದ್ದೆ. ಸುಳ್ಳು ಹೇಳಿದ್ದರೂ ನಂಬುತ್ತಿದ್ದೆನೇನೋ. ನೂರಾಹತ್ತು ಮನೆಯ ನೀರಿಗೆ ಒಂದು ಮನೆ ಕೊಟ್ಟೆ ಎಂದು ಲೆಕ್ಕ ಹೇಳಬೇಡ. ಅಲ್ಲಿ ಕೂತವರೆಲ್ಲ ಅದೇ ಲೆಕ್ಕ ಹೇಳುತ್ತಾರೆ, ಕೊಡುವುದು ಮಾತ್ರ ಯಾವಾಗಲೂ ನಮ್ಮಂಥವರ ಮನೆ.

ಈ ಕಾಗದವನ್ನು ಲಾಯರಿಗೆ ಕೊಡುವುದಿಲ್ಲ. ಇದು ನನಗೆ ಬರೆದದ್ದು. ನನ್ನ ಕೈಯಲ್ಲಿ ಕೊಡಿಸಿ ನೀನು ಮನೆಯಲ್ಲಿ ಹಿಟ್ಟು ಬೀಸುತ್ತಾ ಕೂತಿರುವುದು ಬೇಡ. ಇದೇ ಇಪ್ಪತ್ತನಾಲ್ಕು, ಸೋಮವಾರ, ಬೆಳಗ್ಗೆ ಹನ್ನೊಂದಕ್ಕೆ ಕೋಲಾರದಲ್ಲಿ ವಿಚಾರಣೆ. ಕೋದಂಡರಾಮಪ್ಪ ಇರುತ್ತಾನೆ, ನಿಮ್ಮ ಸದಸ್ಯರಿರುತ್ತಾರೆ, ಅಣ್ಣ ಇರುತ್ತಾನೆ. ಬಂದು ಎಲ್ಲರೆದುರು ಹೇಳು. ನನಗೆ ಮುಖ ತೋರಿಸಬೇಕಾಗಿಲ್ಲ, ಮಾತಾಡಿಸಬೇಕಾಗಿಯೂ ಇಲ್ಲ.

ದಿಲ್ಷಾದ್


ನೇರಡುಪಲ್ಲಿ
19 ಡಿಸೆಂಬರ್ 2025

ದಿಲ್ಷಾದ್,

ನೀನು ಮಾತಾಡಿಸಬೇಡ ಅಂದಿದ್ದೆ, ಮಾತಾಡಿಸಲಿಲ್ಲ. ಬರೆಯಬೇಡ ಅಂದಿಲ್ಲ.

ಕೋಲಾರದಲ್ಲಿ ಆದದ್ದನ್ನು ನೀನೂ ನೋಡಿದೆ. ಆದರೂ ನನ್ನ ಕಡೆಯಿಂದ ಅದು ಹೇಗಿತ್ತು ಅಂತ ನಿನಗೆ ಗೊತ್ತಾಗಲಿ. ಹೇಳಬೇಕಾದ್ದನ್ನೆಲ್ಲ ಒಳ್ಳೆಯ ಕನ್ನಡದಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆ ಅಧಿಕಾರಿ, ‘ಆ ದಿನ ಸಭೆಯಲ್ಲಿ ಹೇಳಿದ್ದನ್ನ ಹೇಳಿದ ಹಾಗೇ ಹೇಳಿ’ ಅಂದರು. ಹೇಳಿದ ಹಾಗೇ ಅಂದರೆ ತೆಲುಗಿನಲ್ಲೇ ಹೇಳಬೇಕಲ್ಲ. ‘ಮೂಡುಗುಂಟನಿ ವಿಡಿಚಿಪೆಟ್ಟಂಡಿ’ ಅಂದೆ. ಅಲ್ಲಿಂದ ನಾಲಿಗೆ ಕನ್ನಡಕ್ಕೆ ತಿರುಗಲೇ ಇಲ್ಲ. ಅಧಿಕಾರಿ ಬೆಳಗಾವಿ ಕಡೆಯ ಮನುಷ್ಯ, ಅವರಿಗೆ ತೆಲುಗು ಒಂದಕ್ಷರ ತಿಳಿಯದು. ಯಾರಾದರೂ ಕನ್ನಡದಲ್ಲಿ ಹೇಳಿ ಅಂದಾಗ ಕೋದಂಡರಾಮಪ್ಪನ ಲಾಯರು ಎದ್ದ. ನಾನು ಅಡ್ಡ ಹಾಕಿ, ಅಲ್ಲಿ ಕೂತಿರುವ ಟೀಚರಮ್ಮನ ಬಾಯಲ್ಲೇ ಹೇಳಿಸಿ ಅಂದೆ. ಕೋದಂಡರಾಮಪ್ಪ ಯಾಕೆ ಒಪ್ಪಿದ ಗೊತ್ತಾ? ಅವನ ಇಬ್ಬರು ಮಕ್ಕಳಿಗೂ ಪಾಠ ಹೇಳಿದವಳು ನೀನು, ಮಾತು ತಿರುಚುವುದಿಲ್ಲ ಅಂತ ಅವನಿಗೆ ಗೊತ್ತು. ನಮ್ಮಿಬ್ಬರಿಗೂ ಆಗಿಬರುತ್ತಿಲ್ಲ ಅನ್ನುವುದೂ ಊರಿಗೇ ಗೊತ್ತು. ನೀನು ಮೇಜಿನ ಹತ್ತಿರ ಹೋದೆ, ಅವರು ನಿನ್ನನ್ನು ಏನೋ ಕೇಳಿದರು, ನೀನು ಏನೋ ಹೇಳಿದೆ, ಬರೆದುಕೊಂಡರು. ನನಗೆ ಅಲ್ಲಿಂದ ಕೇಳಿಸಲಿಲ್ಲ.

ಆಮೇಲೆ ಎದುರು ಲಾಯರು ನಿನ್ನ ಪ್ರಶ್ನೆಯನ್ನೇ ಕೇಳಿದ. ಆಗಸ್ಟಿನಲ್ಲಿ ಓದಿದಾಗ ಕೇಳಿಸಿತಾ ಅಂತ. ‘ವಿಂಟಿನಿ’ ಅಂದೆ. ನೀನು, ‘ಕೇಳಿಸಿಕೊಂಡೆ ಅಂತಾರೆ ಸಾರ್’ ಅಂದೆ. ಮತ್ತೆ ಯಾಕೆ ಸುಮ್ಮನಿದ್ದಿರಿ ಅಂದ. ‘ಬೋರ್ ಕೋಸರಂ ನೋರು ಮೂಸುಕುಂಟಿನಿ’ ಅಂದೆ. ನಿನ್ನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ನೀನು ಒಂದು ಕ್ಷಣ ನಿಂತೆ. ‘ತಮ್ಮ ವಾರ್ಡಿನ ಬೋರ್‌ವೆಲ್‌ಗೋಸ್ಕರ ಬಾಯಿ ಮುಚ್ಚಿಕೊಂಡೆ ಅಂತಾರೆ ಸಾರ್’ ಅಂದೆ. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಜಾನ್ ಭಾಯಿ ತಲೆ ತಗ್ಗಿಸಿದರು. ಅವರ ಬಾಯಲ್ಲಿ ಎರಡು ಬೈಗುಳ ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಆರ್ಡರು ಎಂಟನೇ ತಾರೀಖು ಬಂತು, ನಿನಗೂ ತಲುಪಿರುತ್ತೆ. ಆ ತೀರ್ಮಾನ ರದ್ದು. ಮನೆ ಉಳಿಯಿತು, ಶೆಡ್ಡು ಉಳಿಯಿತು.

ಇನ್ನು ನನ್ನ ಕತೆ ಕೇಳು. ಹದಿನೈದನೇ ತಾರೀಖಿನ ಸಭೆಯಲ್ಲಿ ಕೋದಂಡರಾಮಪ್ಪ ಮಾಡಿದ ಮೊದಲ ಕೆಲಸ, ಏಳನೇ ವಾರ್ಡಿನ ಬೋರ್‌ವೆಲ್ ರದ್ದು ಮಾಡಿದ್ದು. ಈ ಸಲ ಶ್ಯಾಮಲಮ್ಮ ತಪ್ಪಿಲ್ಲದೆ ಬರೆದುಕೊಂಡಳು. ನಮ್ಮ ಬೀದಿಯ ಹೆಂಗಸರು ಖಾಲಿ ಕೊಡ ತಂದು ನನ್ನ ಮಿಷಿನ್ ಬಾಗಿಲಲ್ಲಿ ಸಾಲಾಗಿ ಇಟ್ಟುಹೋದರು. ಯಾರನ್ನೋ ಉಳಿಸಕ್ಕೆ ಹೋಗಿ ನಮ್ಮ ನೀರು ಕಳೆದಳು ಅಂತ ಅಂಜಮ್ಮ ಬೀದಿಯಲ್ಲಿ ನಿಂತು ಕೂಗಿದಳು. ಯಾರನ್ನೋ ಅಂತೆ. ಕೊಡ ದಾಟಿಕೊಂಡು ಹೋಗಿ ಅವಳ ಹತ್ತಿರ ಜಗಳಕ್ಕೆ ನಿಂತೆ. ನಿಮ್ಮ ನೀರನ್ನು ನಾನು ಕೇಳಬೇಕಾಗಿದ್ದದ್ದು ಬಾಯಿಬಿಟ್ಟು, ಬಾಯಿ ಮುಚ್ಚಿಕೊಂಡಲ್ಲ ಅಂದೆ. ಅವಳಿಗೆ ಅದು ಹಿಡಿಸಲಿಲ್ಲ. ಈಗ ರಾಗಿ ಬೀಸಿಸಲು ಎಲ್ಲರೂ ಮೇಲಿನ ಬೀದಿಯ ಮಿಷಿನ್ನಿಗೆ ಹೋಗುತ್ತಿದ್ದಾರೆ.

ರಾಜೀನಾಮೆ ಕೊಡು ಅನ್ನುತ್ತಾನೆ ಗಂಡ. ಕೊಡುವುದಿಲ್ಲ. ಇನ್ನು ನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತು, ಪ್ರತಿ ತಿಂಗಳೂ ನಡವಳಿಯನ್ನು ನಿಧಾನವಾಗಿ, ಕನ್ನಡದಲ್ಲೂ ತೆಲುಗಿನಲ್ಲೂ ಓದಿಸುತ್ತೇನೆ. ಅವರ ಊಟದ ಹೊತ್ತು ಮೀರಿದರೂ ಬಿಡುವುದಿಲ್ಲ. ಬೋರ್‌ವೆಲ್ ಅರ್ಜಿಯನ್ನು ನಿನ್ನೆ ಮತ್ತೆ ಕೊಟ್ಟೆ.

ನಿನ್ನ ಸಿಟ್ಟು ಇಳಿದಿಲ್ಲ ಅಂತ ಗೊತ್ತು. ಇಳಿಸು ಅಂತ ಕೇಳುತ್ತಿಲ್ಲ. ನನ್ನ ಮಾತನ್ನು ಇದ್ದ ಹಾಗೇ ಹೇಳಿದ್ದಕ್ಕೆ ಬರೆಯಬೇಕು ಅನ್ನಿಸಿತು, ಬರೆದೆ.

ಭಾರತಿ


ಮಾಲೂರು
28 ಡಿಸೆಂಬರ್ 2025

ಭಾರತಿ,

ಅಣ್ಣ ಮತ್ತೆ ಆರ್ಡರು ಹಿಡಿಯುತ್ತಿದ್ದಾನೆ. ಮುಳಬಾಗಿಲಿನ ಒಂದು ಮದುವೆಗೆ ನಾಲ್ಕು ಹಾಸಿಗೆ, ಎಂಟು ದಿಂಬು. ಭಾರತಮ್ಮನ ಮೇಲೆ ನನಗೆ ಏನೂ ಇಲ್ಲ ಎನ್ನುತ್ತಾನೆ. ಅವನದು ದೊಡ್ಡ ಮನಸ್ಸು. ನನ್ನದಲ್ಲ. ನೀನು ಆ ದಿನ ಎಲ್ಲರೊಂದಿಗೆ ಸರಿ ಎಂದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಅದನ್ನು ಬಚ್ಚಿಟ್ಟುಕೊಂಡು ನಿನಗೆ ಬರೆಯಲಾರೆ.

ಆದರೆ ನೀನು ಬರೆದದ್ದರಲ್ಲಿ ಒಂದು ತಪ್ಪಿದೆ, ಅದನ್ನು ತಿದ್ದದೆ ಬಿಟ್ಟರೆ ನಾನು ಟೀಚರಲ್ಲ. ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲದೆ ಹೇಳಿದೆ ಎಂದು ಬರೆದಿದ್ದೀಯ. ನಿನ್ನ ಮಾತುಗಳನ್ನು ಹಾಗೆಯೇ ಹೇಳಿದೆ, ನಿಜ. ಬೋರ್‌ವೆಲ್ಲಿನ ಮಾತು ಬಂದಾಗ ಒಂದು ಕ್ಷಣ ನಿಂತೆನಲ್ಲ, ಆಗ ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಬಹುದಿತ್ತು. ಒತ್ತಡ ಇತ್ತು ಎನ್ನಬಹುದಿತ್ತು, ಅಲ್ಲಿದ್ದವರಲ್ಲಿ ಅರ್ಧ ಜನ ಗಮನಿಸುತ್ತಲೂ ಇರಲಿಲ್ಲ. ಮಾಡಲಿಲ್ಲ. ನಿನಗೆ ನೋವಾಗಲಿ ಎಂದೇ ಮಾಡಲಿಲ್ಲ.

ತಪ್ಪು ಅಲ್ಲಿಲ್ಲ, ನಾನು ನನ್ನ ಸ್ವಂತ ಬಾಯಿಂದ ಹೇಳಿದ್ದರಲ್ಲಿದೆ. ನಿನ್ನ ಮಾತನ್ನು ನಾನು ಕನ್ನಡದಲ್ಲಿ ಹೇಳುವ ಮೊದಲು ಆ ಅಧಿಕಾರಿ ನನ್ನನ್ನು ಏನೋ ಕೇಳಿದರು, ನಿನಗೆ ಕೇಳಿಸಲಿಲ್ಲ ಎಂದಿದ್ದೀಯ. ಅವರು ಕೇಳಿದ್ದು ಎರಡು ಪ್ರಶ್ನೆ. ಜಾನ್ ಪಾಷಾ ನಿಮಗೆ ಏನಾಗಬೇಕು ಎಂದರು. ಅಣ್ಣ ಎಂದೆ. ಭಾರತಮ್ಮನವರು ಏನಾಗಬೇಕು ಎಂದರು.

ಏನೂ ಆಗಬೇಕಾಗಿಲ್ಲ ಸಾರ್, ಎಂದೆ.

ಅವರು ಅದನ್ನು ಬರೆದುಕೊಂಡು, ಓದಿ ಸಹಿ ಹಾಕಿ ಎಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ನಾನು ಓದಿದೆ ಭಾರತಿ. ಎರಡು ಸಲ ಓದಿದೆ, ಆಮೇಲೆ ಸಹಿ ಹಾಕಿದೆ.

ದಿಲ್ಷಾದ್